ಹದಿನಾಲ್ಕನೆಯ ತುಂಡು

ಇಗರ್ಜಿಯಲ್ಲಿ ಮಂತ್ರಿಸಿ ಕೊಟ್ಟ ಮೂರು ಭತ್ತದ ತೆನೆಗಳಲ್ಲಿ ಎರಡನ್ನು ಲೂರ್ಡ್ಸ್ ಸುಲಿದು, ಜಜ್ಜಿ, ತೆಂಗಿನ ಹಾಲಿಗೆ ಹಾಕಿದಳು. ಮೂರನೆಯದನ್ನು ಲಕೋಟೆಯೊಳಗಿಟ್ಟು ಮೇಲೆ ಅಲ್ಫೋನ್ಸ್ ಎಂದು ಬರೆಯುವಾಗ ಗ್ಲೆನ್ ಕೆಮ್ಮಿದ.

"ಆಂಟಿ, ತೆನೆ ತೆಗೆದಿಡುವುದು ದೂರದಲ್ಲಿ ಇರುವವರಿಗಲ್ಲವಾ?"

"ಹೌದು. ದೂರದಲ್ಲೇ ಇದ್ದಾರಲ್ಲ."

ಗ್ಲೆನ್ ಅವಳ ನಾದಿನಿ ರೀನಾಳ ಮಗ, ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾನೆ. ಮಂಜೇಶ್ವರದಲ್ಲಿ ಬಸ್ಸು ಹತ್ತಿ ವರ್ಕಾಡಿಯವರೆಗೆ ಅವನು ಬಂದದ್ದು ಬರೀ ತೆನೆ ಹಬ್ಬದ ಊಟಕ್ಕಲ್ಲ ಎಂದು ಎಲೆ ಹಾಸುವಾಗಲೇ ಅವಳಿಗೆ ಗೊತ್ತಾಗಿತ್ತು. ಎಂಟು ವರ್ಷದ ಹಿಂದೆ ಸೂಯೆಜ್ ಹತ್ತಿರ ಹಡಗಿನ ಅಡುಗೆಯವನಾಗಿದ್ದ ಅವಳ ಗಂಡ ಅಲ್ಫೋನ್ಸ್ ಕಡಲಿಗೆ ಬಿದ್ದಿದ್ದ. ದೇಹ ಸಿಗಲಿಲ್ಲ. ಅವನನ್ನು ಸತ್ತವರ ಸಾಲಿಗೆ ಸೇರಿಸಲು ಲೂರ್ಡ್ಸ್ ಒಪ್ಪಲೂ ಇಲ್ಲ.

"ನವೆಂಬರ್ ಎರಡಕ್ಕೆ ಸತ್ತವರ ಪೂಜೆ ಉಂಟಲ್ಲ, ಅದಕ್ಕೆ ಅಂಕಲ್ ಹೆಸರು ಕೊಡುವ ಅಂತ ಅಮ್ಮ..."

"ರೀನಾಳಿಗೆ ಅವಸರ ಎಂತ? ಕುಂಜತ್ತೂರಿನಲ್ಲಿ ಕಡಲಿಗೆ ಇಳಿದರೆ ಆ ಮನುಷ್ಯನನ್ನು ಬೈದು ಮೇಲೆ ಹತ್ತಿಸಬೇಕಿತ್ತು ಮಾರಾಯ. ಅಷ್ಟು ಈಜು."

ಗ್ಲೆನ್ ತನಗೆ ತಿಳಿದದ್ದನ್ನು ಹೇಳಿದ. "ಅಂಕಲ್ ಬಿದ್ದ ಕಡೆ, ಆ ಈಜಿಪ್ಟಿನಲ್ಲಿ, ಹಿಂದೆ ಒಸಿರಿಸ್ ಅಂತ ಒಬ್ಬ ದೇವರಿದ್ದ. ತಮ್ಮನೇ ಅವನನ್ನು ಕೊಂದು ಹದಿನಾಲ್ಕು ತುಂಡು ಮಾಡಿ ಬಿಸಾಡಿದ. ಹೆಂಡತಿ ಐಸಿಸ್ ಊರೂರು ಹುಡುಕಿದಳು. ಆಮೇಲೆ ಜನ ಗೋರಿಗಳೊಳಗೆ ಅವನ ಆಕಾರದಲ್ಲಿ ಮಣ್ಣು ತುಂಬಿ ಬೀಜ ಬಿತ್ತುತ್ತಿದ್ದರು. ಮೊಳಕೆ ಬಂದರೆ, ಎದ್ದು ಬಂದ ಅಂತ."

"ಕಾಳು ಮಣ್ಣಲ್ಲಿ ಸತ್ತರೇ ಪೈರು ಅಂತ ಫಾದರ್ ಇವತ್ತು ಹೇಳಿದ್ದೂ ಅದೇ ಅಲ್ಲವಾ?"

"ಯೇಸುವಿಗಿಂತ ಸಾವಿರಾರು ವರ್ಷ ಹಿಂದಿನದ್ದು ಆಂಟಿ! ಮಗುವಿಗೆ ಹಾಲು ಕೊಡುವ ಐಸಿಸ್‌ಳ ಮೂರ್ತಿ ನೋಡಿದರೆ ನೀವು ಮೇರಿ ಮಾತೆ ಅಂತ ಮೇಣದ ಬತ್ತಿ ಹಚ್ಚುತ್ತೀರಿ."

ಲೂರ್ಡ್ಸ್‌ಗೆ ಆ ಮೂರ್ತಿ ಬೇಕಿರಲಿಲ್ಲ. "ಅವಳಿಗೆ ಎಲ್ಲ ತುಂಡೂ ಸಿಕ್ಕಿತಾ?"

"ಹದಿಮೂರು ಸಿಕ್ಕಿತು. ಇನ್ನೊಂದನ್ನು..." ಗ್ಲೆನ್ ನಾಲಗೆ ಕಚ್ಚಿಕೊಂಡ.

"ಮೀನು ತಿಂದಿತಾ?"

ಅವನು ತಲೆ ತಗ್ಗಿಸಿದ.

"ಆಮೇಲೆ ಅವಳು ಮೀನು ತಿಂದಳಾ?"

ತೆನೆ ಹಬ್ಬದ ದಿನ ಯಾರ ಮನೆಯಲ್ಲೂ ಮೀನಿರುವುದಿಲ್ಲ. ಉಳಿದ ದಿನಗಳಲ್ಲೂ ನಿನ್ನ ಒಲೆಯ ಮೇಲೆ ಯಾಕಿಲ್ಲವೆಂದು ಈ ಎಂಟು ವರ್ಷಗಳಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ದೇವರ ಪಟದ ಹಿಂದಿನಿಂದ, ವರ್ಷಕ್ಕೊಂದರಂತೆ ಕೂಡಿಟ್ಟ ಎಂಟೂ ಲಕೋಟೆಗಳನ್ನು ತೆಗೆದಳು. ಹಿತ್ತಿಲ ಒದ್ದೆ ಮಣ್ಣಿನಲ್ಲಿ ಅಂಗಾತ ಮಲಗಿ, ಕಡ್ಡಿಯಿಂದ ತನ್ನ ಸುತ್ತ ಕೈಗೆ ಎಟುಕಿದಷ್ಟು ಗೀರು ಎಳೆದಳು. ಎದ್ದು ನಿಂತು ಉಳಿದದ್ದನ್ನು ಕೂಡಿಸಿದಳು. ಅಲ್ಫೋನ್ಸ್ ಅವಳಿಗಿಂತ ಒಂದು ಗೇಣು ಎತ್ತರ; ತಲೆಯ ಕಡೆ ಅಷ್ಟು ಹೆಚ್ಚಿಸಿದಳು. ಮೊದಲ ವರ್ಷದ ಕಾಳು ಪಾದಕ್ಕೆ ಬಿತ್ತು. ಹೀಗೆ ಮೊಣಕಾಲು, ಸೊಂಟ, ಹೊಟ್ಟೆ, ಎದೆ, ಎಡಗೈ, ತಲೆ. ಕೊನೆಗೆ ಉಳಿದದ್ದು ನಿನ್ನೆಯ ತೆನೆ ಮತ್ತು ಬಲಗೈ. ಕೋಳಿ ಕೆದಕದಂತೆ ಮೇಲೆ ಹಳೆಯ ಬಲೆ ಹಾಸಿದಳು.

ಹತ್ತನೆಯ ದಿನ ಮಳೆ ಬಿಟ್ಟಾಗ ಹೋಗಿ ನೋಡಿದಳು. ಹುಳ ಹಿಡಿದ ಹಳೆಯ ಕಾಳುಗಳು ಮಣ್ಣಲ್ಲಿ ಮಣ್ಣಾಗಿದ್ದವು. ಬಲಗೈ ಮಾತ್ರ ಹಸುರಾಗಿತ್ತು. ಮತ್ತೆ ಒಳಗೆ ಬಂದು ಫೋನು ಮಾಡಿದಳು.

"ರೀನಾ, ಅವರ ಹೆಸರು ಕೊಡು."

ಆಚೆ ಕಡೆಯಿಂದ ನಿಟ್ಟುಸಿರು ಕೇಳಿಸಿತು. "ದೇವರು ದೊಡ್ಡವನು ಅತ್ತಿಗೆ."

"ಆದರೆ ಬಲಗೈ ಬಿಟ್ಟು ಉಳಿದದ್ದಕ್ಕೆ ಮಾತ್ರ ಪೂಜೆ ಅಂತ ಫಾದರ್‌ಗೆ ಹೇಳು. ಅದೊಂದು ನನ್ನ ಹತ್ತಿರ ಇರಲಿ."