ಕಾಮಣಿ ಪಥ್ಯ

ಹೇಳುವುದಿದ್ದರೆ ಈಗಲೇ ಹೇಳಬೇಕು. ಮದುವೆಯ ಸೀರೆ ಆರಿಸುವುದು ಇನ್ನೂ ಮುಗಿದಿಲ್ಲ. ಒಮ್ಮೆ ಅದು ಪೆಟ್ಟಿಗೆ ಸೇರಿತೆಂದರೆ ಆಮೇಲೆ ಹೇಳಿದ ನಿಜಕ್ಕೆ ಮೋಸವೆಂದೇ ಹೆಸರು. ಆದರೆ ಎಲ್ಲಿಂದ ಶುರುಮಾಡುವುದು? ರಾಜಶ್ರೀ, ನೀವು ಕಳಿಸಿದ ಸಿನಿಮಾದ ಹುಡುಗನಂತೆ ನಾನೂ, ಎಂದೇ? ಅದನ್ನು ನೋಡಿ ಜನ ನಗುತ್ತಾರೆ. ನಕ್ಕು ಚಪ್ಪಾಳೆ ತಟ್ಟುತ್ತಾರೆ, ಪ್ರಶಸ್ತಿ ಕೊಡುತ್ತಾರೆ. ತಮ್ಮ ಜಮಖಂಡಿಯಲ್ಲಿ ಅಂಥವನಿಗೆ ಏನು ಕೊಡುತ್ತಾರೆ ಎಂಬುದು ಗೌರೀಶನಿಗೆ ಗೊತ್ತಿತ್ತು.

ಬನಹಟ್ಟಿಯ ಸೀರೆ ಅಂಗಡಿಯಲ್ಲಿ ಎರಡೂ ಮನೆಯ ಹಿರಿಯರು ಅಂಚಿನ ಬಣ್ಣಕ್ಕೆ ವಾದ ಹೂಡಿದ್ದರು. “ನೀವಿಬ್ಬರೂ ಚಹಾ ಕುಡದು ಬರ್ರಿ” ಎಂದು ಎದುರಿನ ಹೋಟೆಲಿಗೆ ಇವರನ್ನು ಕಳಿಸಿದ್ದರು. ಇನ್ನು ಇಪ್ಪತ್ತು ದಿನಕ್ಕೆ ಅವನ ಹೆಂಡತಿಯಾಗಲಿರುವ ರಾಜಶ್ರೀ, ಕೂತವಳೇ ತನಗೆ ಬಿಸಿ ಮಿರ್ಚಿ ಭಜಿ, ಅವನಿಗೆ ಮಜ್ಜಿಗೆ ಹೇಳಿದಳು.

“ನಿಮಗ ಕಾಮಣಿ ಪಥ್ಯ ಐತೆಂತ ಅತ್ತಿ ಹೇಳ್ಯಾರ.”

ಎರಡು ವರ್ಷದ ಹಿಂದೆ ಗೌರೀಶ ವಾರಗಟ್ಟಲೆ ನಿದ್ದೆಯಿಲ್ಲದೆ ತಿರುಗಿ, ಕಡೆಗೆ ಹಿಪ್ಪರಗಿ ಬ್ಯಾರೇಜಿನ ಮೇಲೆ ನಿಂತು ಹೊಳೆಯ ನೀರಿಗೆ ಪಾಠ ಹೇಳುತ್ತಿದ್ದಾಗ ಸಿಕ್ಕಿದ್ದ. ಅವ್ವ ಕಸ್ತೂರೆವ್ವ ಓಣಿಗೆಲ್ಲ ಕಾಮಣಿ ಎಂದು ಹೇಳಿದಳು. ಕಾಮಾಲೆಗೆ ನಾಚಿಕೆಯಿಲ್ಲ, ಯಾರ ಮನೆಗೂ ಬರುತ್ತದೆ. ಆದರೆ ಸುಳ್ಳಿಗೂ ಹಸಿವಿರುತ್ತದೆ. ಅದಕ್ಕೆ ದಿನಾ ಮಜ್ಜಿಗೆ ಅನ್ನ ಉಣ್ಣಿಸಬೇಕಾಯಿತು. ಖಾರವಿಲ್ಲ, ಕರಿದದ್ದಿಲ್ಲ. ಮನಸ್ಸಿನ ಕಾಯಿಲೆಯ ಗುಳಿಗೆಗಳು ಮಾತ್ರ ಯಾರಿಗೂ ತಿಳಿಯದಂತೆ ವಿಜಯಪುರದಿಂದ ಬರುತ್ತಿದ್ದವು.

“ನಾ ಕಳಿಸಿದ ಸಿನಿಮಾ ಹ್ಯಾಂಗಿತ್ತು ಹೇಳ್ರಿ. ಎಂ.ಎ. ಮಾಡಿದವ್ರು, ಬರೇ ಛಲೋ ಐತಿ ಅಂದು ಪಾರಾಗಬ್ಯಾಡ್ರಿ.”

“ಅಷ್ಟೊಂದು ಹೊಗಳೂ ಹಂಗ ಏನಿಲ್ಲ ಬಿಡ್ರಿ.”

“ಅಯ್ಯ! ನಾ ಹೊಟ್ಟಿ ಹಿಡಕೊಂಡು ನಕ್ಕೇನಿ. ದವಾಖಾನ್ಯಾಗ ಆ ಹುಡುಗ, ಹುಡುಗಿ ಇಬ್ಬರ ಚೀಟಿ ಅದಲ ಬದಲಾಗಿ, ಅಕಿ ಡಾಕ್ಟರ ಮುಂದ ಅವನ ಜಡ್ಡೆಲ್ಲಾ ತನ್ನದ ಅಂತ ಒಪ್ಪಿಕೊಂಡು ಕೂಡತಾಳಲ್ಲ!”

“ಅದ ನನಗ ಸೇರಲಿಲ್ಲ. ತಲಿ ಕೆಟ್ಟವ್ರನ್ನ ನೋಡಿ ನಗೂದೇನ್ರಿ?”

“ಮೊದಲ ನಕ್ಕಾಂವ ಯಾರು? ಅವನ. ಮನಿಯವ್ರೆಲ್ಲ ಬಾಯಿಗೆ ಸೆರಗ ಹಿಡಕೊಂಡು ಅಳಾಕತ್ತಾಗ ತಾನ ನಕ್ಕು ಅವ್ರನ್ನೂ ನಗಸ್ತಾನ. ಅಷ್ಟು ಗಟ್ಟಿ ಮನಸು ಶಾಣ್ಯಾರಿಗೆ ಎಲ್ಲಿರತೈತ್ರಿ?”

ಗೌರೀಶನ ದನಿ ಏರಿತು. “ಮದುವಿ ಆತು, ಜಡ್ಡು ಹೋತು, ಕಥಿ ಮುಗೀತು! ಹಂಗ ಹೋಗಾಂಗಿಲ್ರಿ ಅದು. ಗುಳಿಗಿ ಬಿಟ್ಟ ಮೂರನೇ ದಿನಕ್ಕ ನಿದ್ದಿ ಹಾರತೈತಿ. ತಗೊಂಡ್ರ ಬಾಯಿ ಒಣಗತೈತಿ, ಕೈ ನಡಗತಾವ, ಚಹಾದ ಕಪ್ಪ ಎರಡೂ ಕೈಲೆ ಹಿಡೀಬೇಕು. ಅದನ್ನೆಲ್ಲಿ ತೋರಿಸ್ಯಾರ?”

ಮಾತು ಮುಗಿದ ಮೇಲೆ ತನ್ನ ಕೈ ನೋಡಿಕೊಂಡ. ಮಜ್ಜಿಗೆಯ ಲೋಟ ಎರಡೂ ಅಂಗೈಗಳ ನಡುವೆ ಇತ್ತು.

ರಾಜಶ್ರೀಯೂ ಆ ಕೈಗಳನ್ನೇ ನೋಡುತ್ತಿದ್ದಳು. ಮುಧೋಳದಲ್ಲಿ ಅಪ್ಪ ಭೀಮಪ್ಪನ ಔಷಧದ ಅಂಗಡಿಯಲ್ಲಿ ಐದು ವರ್ಷದಿಂದ ಕೂಡುತ್ತಿದ್ದವಳು. ಅದು ಅವನಿಗೆ ಗೊತ್ತಿತ್ತು. ಸಿಟ್ಟಿನ ಭರದಲ್ಲಿ ಮರೆತಿತ್ತು. ಹಿಂದಿನ ಓಣಿಯ ಮಗ್ಗಗಳ ಸದ್ದು ಒಮ್ಮೆಲೇ ಹತ್ತಿರ ಬಂದಂತಾಯಿತು. ಅವಳು ಏಳುತ್ತಾಳೆ, ರಸ್ತೆ ದಾಟುತ್ತಾಳೆ, ಸೀರೆ ಮಡಚಿಡಿರಿ ಎನ್ನುತ್ತಾಳೆ. ಅವನು ಕಾದ.

“ಕಡೀ ದೃಶ್ಯ ನೀವು ನೋಡಿಲ್ಲ ಅನಸ್ತೈತಿ,” ಎಂದಳು.

“ನೋಡೀನಿ.”

“ನೋಡೀರಿ, ಕಂಡಿಲ್ಲ. ಮದುವಿ ಮರುದಿನ ಅಕಿ ಚಹಾ ತಂದು ಕಿಟಕ್ಯಾಗ ಇಡತಾಳ. ಬಾಜೂಕ ಗುಳಿಗಿ ಪಟ್ಟಿ ಎರಡು. ಎರಡರಾಗೂ ಒಂದೊಂದು ಗುಳಿಗಿ ಖಾಲಿ. ಒಂದು ಅವಂದು, ಒಂದು ಅಕೀದು. ಯಾರೂ ಅದರ ಮಾತ ತಗಿಯಂಗಿಲ್ಲ, ಚಹಾ ಕುಡಕೋತ ಜಗಳಾ ಆಡತಾರ. ದಿನಾ ಪಟ್ಟಿ ಕತ್ತರಿಸಿ ಕೊಡಾಕಿ ನಾ, ನನ್ನ ಕಣ್ಣಿಗೆ ಬಿತ್ತು. ಅದಕ್ಕ ಹೇಳತೀನಿ, ಎಷ್ಟು ಹೊಗಳಿದ್ರೂ ಕಡಿಮಿ ಅಂತ.”

ಆ ಕಿಟಕಿ ಗೌರೀಶನಿಗೆ ನೆನಪಿತ್ತು. ಎಳೆಬಿಸಿಲನ್ನು ನಿರ್ದೇಶಕ ಚೆಂದ ಹಿಡಿದಿದ್ದಾನೆ ಎಂದಷ್ಟೇ ಅಂದುಕೊಂಡಿದ್ದ. ಕಾಯಿಲೆ ಹೋಗಲಿಲ್ಲ, ಮನೆಯಲ್ಲೇ ಇದೆ, ಅದರ ಪಕ್ಕದಲ್ಲೇ ಚಹಾ ಕುಡಿಯಬಹುದು: ಇಷ್ಟನ್ನು ಆ ನಿರ್ದೇಶಕ ಒಂದು ಮಾತೂ ಆಡಿಸದೆ ಹೇಳಿ ಎದ್ದುಹೋಗಿದ್ದ. ತಾನು ಬೈದದ್ದು ಎಂಥ ಸಿನಿಮಾವನ್ನು!

“ರಾಜಶ್ರೀ, ನನಗ...” ಎಂದ.

ಅವಳು ಮಿರ್ಚಿಯ ತಟ್ಟೆಯನ್ನು ಅವನ ಮುಂದೆ ಸರಿಸಿದಳು. “ತಿನ್ರಿ, ಆರತೈತಿ.”

ಅಷ್ಟರಲ್ಲಿ ಸೀರೆ ಹಿಡಿದುಕೊಂಡು ಒಳಗೆ ಬಂದ ಕಸ್ತೂರೆವ್ವ ಬಾಗಿಲಲ್ಲೇ ಹೌಹಾರಿದಳು. “ಅಯ್ಯ ನನ್ನವ್ವ, ಅವಗ ಮಿರ್ಚಿ ಕೊಡಬ್ಯಾಡವಾ! ಕಾಮಣಿ ಆಗಿತ್ತಲ್ಲ!”

“ಕಾಮಣಿ ಪಥ್ಯ ಎರಡು ವರ್ಷ ಇರಂಗಿಲ್ರಿ ಅತ್ತಿ,” ರಾಜಶ್ರೀ ನಕ್ಕಳು. “ಔಷಧದ ಅಂಗಡ್ಯಾಕಿ ಹೇಳಾಕತ್ತೇನಿ, ಕೇಳ್ರಿ. ಇನ್ನ ಮ್ಯಾಲೆ ಗುಳಿಗಿ ಏನ ಬೇಕಾದ್ರೂ ನಾ ತರತೀನಿ. ಚೀಟಿ ಕೊಟ್ರ ಸಾಕು. ಜಡ್ಡಿನ ಹೆಸರು ಕೇಳೂ ಚಾಳಿ ನಮ್ಮ ಅಂಗಡ್ಯಾಗಿಲ್ಲ.”

ಕಸ್ತೂರೆವ್ವ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು, ಬೆಂಚಿನ ತುದಿಗೆ ಮೆಲ್ಲಗೆ ಕೂತಳು. ಕೈಯಲ್ಲಿದ್ದ ಸೀರೆಯ ಅಂಚು ಬಿಡಿಸಿ ಕೇಳಿದಳು: “ಅಂಚು ಕೆಂಪು ಆದ್ರ ನಡೀತೈತೇನ, ತಂಗಿ?”

“ನಡೀತೈತ್ರಿ.”

ಗೌರೀಶ ಮೂರು ಮಿರ್ಚಿ ತಿಂದ. ಸಿನಿಮಾ ಛಲೋ ಐತಿ, ತಾನು ಹೇಳಿದ್ದು ತಪ್ಪು ಎಂದ. ತನಗೆ ಕಾಮಣಿ ಆಗಿರಲೇ ಇಲ್ಲ ಎಂಬುದನ್ನು ಆ ದಿನ ಹೇಳಲಿಲ್ಲ, ಮುಂದೆ ಎಂದೂ ಹೇಳಬೇಕಾಗಲಿಲ್ಲ.