ಒಣ ಕಲ್ಲುಹಾಸು

ಬೂಟಿಗೆ ಕಟ್ಟಿಕೊಂಡಿದ್ದ ಉಕ್ಕಿನ ಮುಳ್ಳುಗಳು ಕಲ್ಲಿಗೆ ತಾಗಿ ಟಕ್ಕೆಂದಾಗ ಹೆರ್ದಿಸ್ ನಿಂತುಬಿಟ್ಟಳು. ಮನೆಯಿಂದ ಇಲ್ಲಿಯವರೆಗೆ ಅವು ಮಂಜುಗಡ್ಡೆಯನ್ನು ಕಚ್ಚಿಕೊಂಡೇ ಬಂದಿದ್ದವು. ಇಲ್ಲಿ ಕಚ್ಚಲು ಏನೂ ಇರಲಿಲ್ಲ. ಪುರಸಭೆಯ ಬಾಗಿಲಿನಿಂದ ರಸ್ತೆಯ ಅಂಚಿನವರೆಗೆ ಕಲ್ಲುಹಾಸು ಬೇಸಿಗೆಯಲ್ಲಿ ಇರುವಂತೆ ಒಣಗಿತ್ತು. ಗೋಡೆಯ ಮೇಲಿನ ಫಲಕ ಮೈನಸ್ ಹದಿಮೂರು ಡಿಗ್ರಿ ತೋರಿಸುತ್ತಿತ್ತು.

ಈಜುಕೊಳ ಮತ್ತೆ ಯಾವಾಗ ತೆರೆಯುತ್ತದೆ ಎಂದು ಕೇಳಲು ಅವಳು ಬಂದಿದ್ದಳು. ಐಸ್‌ಲ್ಯಾಂಡಿನ ಉತ್ತರದ ಆ ಬಂದರು ಊರಿನಲ್ಲಿ ಚಳಿ ಏರಿದಂತೆ ಮನೆಗಳನ್ನು ಕಾಯಿಸುವ ನೆಲದಡಿಯ ಬಿಸಿನೀರು ಸಾಲದಾಗಿತ್ತು. ಮನೆಗಳಿಗೆ ಮೊದಲು ಎಂದು ಪುರಸಭೆ ಒಂಬತ್ತು ದಿನಗಳ ಹಿಂದೆ ಕೊಳ ಮುಚ್ಚಿದಾಗ ಹೆರ್ದಿಸ್ ತಕರಾರು ಮಾಡಿರಲಿಲ್ಲ. ಆದರೆ ಅವಳಿಗೆ ಎಪ್ಪತ್ತೊಂದು. ಮೀನಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಿಂತು ಕೆಲಸ ಮಾಡಿ ಎರಡೂ ಮೊಣಕಾಲು ಸವೆದಿದ್ದವು. ಹನ್ನೊಂದು ಚಳಿಗಾಲಗಳಿಂದ ಬೆಳಿಗ್ಗೆ ಆರೂವರೆಗೆ, ಮುಖಕ್ಕೆ ಹಿಮ ರಾಚುತ್ತಿದ್ದರೂ, ಬಯಲಿನ ಕೊಳದಲ್ಲಿ ಹತ್ತು ಸಲ ಆಚೆಯಿಂದೀಚೆ ಈಜಿ, ಪಕ್ಕದ ಬಿಸಿ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂರುತ್ತಿದ್ದಳು. ನೀರು ಬಿಟ್ಟರೆ ಈ ಕಾಲುಗಳು ನಿಮ್ಮನ್ನು ಹೊರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಈ ದಿನ ಅವಳು ತನ್ನ ಮನೆಯಿಂದ ಮೂರು ಮಹಡಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಕೂತುಕೊಂಡು ಇಳಿದಿದ್ದಳು.

ಜೊತೆಗೆ ಬಂದಿದ್ದ ಹ್ಯಾಲ್ಮಾರ್ ಕೈಗವಸು ತೆಗೆದು, ಬಗ್ಗಿ, ಕಲ್ಲಿನ ಮೇಲೆ ಅಂಗೈ ಇಟ್ಟ. ತೊಟ್ಟಿಯಲ್ಲಿ ಅವಳ ಪಕ್ಕ ಕೂರುತ್ತಿದ್ದವನು. ನಿವೃತ್ತನಾಗುವವರೆಗೆ ಊರಿನ ಬಿಸಿನೀರಿನ ಪೈಪುಗಳೆಲ್ಲ ಅವನ ಕೈಯಲ್ಲೇ ಇದ್ದವು.

"ಕೋಣೆಗಳನ್ನ ಕಾಯಿಸಿ ಹೊರಗೆ ಬರೋ ನೀರು ತಾನೇ ಇದರ ಕೆಳಗೆ ಪೈಪಲ್ಲಿ ಹರಿಯೋದು?" ಎಂದು ಹೆರ್ದಿಸ್ ಕೇಳಿದಳು. "ಅದು ಹೆಂಗೂ ಚೆಲ್ಲೋ ನೀರು."

"ಚೆಲ್ಲೋ ನೀರಿಗೆ ಈ ಚಳೀಲಿ ಕಲ್ಲು ಒಣಗಿಸೋ ತಾಕತ್ತಿಲ್ಲ. ಹೊಸ ಬಿಸಿನೀರು ಬೆರೆಸ್ತಿದಾರೆ. ಅದಕ್ಕೊಂದು ವಾಲ್ವ್ ಇದೆ. ಕೂರಿಸಿದೋನು ನಾನೇ."

ಅಷ್ಟರಲ್ಲಿ ಮೇಯರ್ ಬಾರ್ದುರ್ ಹೊರಗೆ ಬಂದ. ಆ ಊರಿನಲ್ಲಿ ಮೇಯರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಎರಡು ವರ್ಷದ ಹಿಂದೆ ಅವನು ಇವರಿಬ್ಬರ ಓಟು ಕೇಳಿದ್ದು ಅದೇ ತೊಟ್ಟಿಯಲ್ಲಿ, ಗಲ್ಲದವರೆಗೆ ನೀರಿನಲ್ಲಿ ಕೂತು. ಈಗ ಅವನು ನಕ್ಕು, ಕಾಲು ಹೇಗಿದೆ ಎಂದು ವಿಚಾರಿಸಿದ.

"ನಿನ್ನ ಕಲ್ಲಿನಷ್ಟು ಚೆನ್ನಾಗಿಲ್ಲ" ಎಂದಳು ಹೆರ್ದಿಸ್.

ಅದು ಬಳಸಿ ಬಿಟ್ಟ ನೀರು, ಯಾರಿಗೂ ನಷ್ಟವಿಲ್ಲ ಎಂದು ಅವನು ಶುರುಮಾಡಿದ. ವಾಲ್ವ್ ಹಾಕಿದವನಿಗೇ ವಾಲ್ವಿನ ಪಾಠ ಹೇಳಬೇಡ ಎಂದು ಹ್ಯಾಲ್ಮಾರ್ ತಡೆದ. ಆಗ ಮಾತು ಬದಲಾಯಿತು: ಶುಕ್ರವಾರ ರಾಜಧಾನಿಯಿಂದ ಅತಿಥಿಗಳು ಬರುತ್ತಾರೆ, ಇದು ಸಾರ್ವಜನಿಕ ಜಾಗ, ಯಾರಾದರೂ ಜಾರಿ ಸೊಂಟ ಮುರಿದುಕೊಂಡರೆ ಹೊಣೆ ಯಾರದು, ಅಷ್ಟಕ್ಕೂ ಬೆರೆಸುತ್ತಿರುವುದು ಸ್ವಲ್ಪವೇ ನೀರು. ಎಷ್ಟು ಸ್ವಲ್ಪ ಎಂದು ಹ್ಯಾಲ್ಮಾರ್ ಕೇಳಿದ. ಬಾರ್ದುರನಿಗೆ ಲೆಕ್ಕ ಗೊತ್ತಿರಲಿಲ್ಲ. ಹ್ಯಾಲ್ಮಾರನಿಗೆ ಗೊತ್ತಿತ್ತು: ದೊಡ್ಡ ಕೊಳ ಬೇಡ, ಚಿಕ್ಕ ತೊಟ್ಟಿಯೊಂದನ್ನು ದಿನವಿಡೀ ಬಿಸಿಯಾಗಿಡಲು ಅಷ್ಟು ಸಾಕು.

"ಕಲ್ಲಿಗೆ ಮಂಡಿನೋವು ಬರುತ್ತಾ, ಬಾರ್ದುರ್?" ಹೆರ್ದಿಸಳ ದನಿ ಏರಲಿಲ್ಲ. "ಮನೆಗಳಿಗೆ ಮೊದಲು ಅಂದ್ರಿ, ಒಪ್ಕೊಂಡೆ. ಎರಡನೇದು ಕಲ್ಲಿಗೆ ಅಂತ ಯಾವತ್ತು ಹೇಳಿದ್ರಿ? ನಿನಗೆ ತೊಟ್ಟಿ ಅಂದ್ರೆ ಹರಟೆ ಹೊಡೆಯೋ ಜಾಗ. ನನಗೆ ಅದು ಕಾಲು."

ಬಾರ್ದುರನ ಕಿವಿ ಕೆಂಪಾಯಿತು. ನೀವು ಹೇಳುವುದು ನ್ಯಾಯ, ಇವತ್ತೇ ಸರಿಪಡಿಸುತ್ತೇನೆ ಎಂದು ಇಬ್ಬರ ಕೈಯನ್ನೂ ಕುಲುಕಿ ಒಳಗೆ ಹೋದ. ಆ ಸಂಜೆ ಹೆರ್ದಿಸ್ ಈಜುಡುಗೆಯನ್ನು ಕಪಾಟಿನಿಂದ ತೆಗೆದು ಚೀಲಕ್ಕೆ ಹಾಕಿಟ್ಟಳು.

ಮರುದಿನ ಆರೂವರೆಗೆ ಕೊಳದ ಬಾಗಿಲಿಗೆ ಅದೇ ಬೀಗ, ಕೊಳ ಮುಚ್ಚಿದೆ ಎಂಬ ಅದೇ ಹಾಳೆ. ಪುರಸಭೆಯ ಕಚೇರಿ ತೆರೆಯುವ ಹೊತ್ತಿಗೆ ಇಬ್ಬರೂ ಮತ್ತೆ ಅಲ್ಲಿಗೆ ಹೋದರು. ವಾಲ್ವ್ ಮುಚ್ಚಿತ್ತು. ರಾತ್ರಿ ಬಿದ್ದ ಹಿಮ ಕಲ್ಲಿನಲ್ಲಿ ಉಳಿದಿದ್ದ ಬಿಸಿಗೆ ಕರಗಿ, ಮತ್ತೆ ಹೆಪ್ಪುಗಟ್ಟಿ, ಕಲ್ಲುಹಾಸು ಗಾಜಿನಂತೆ ಹೊಳೆಯುತ್ತಿತ್ತು. ಹ್ಯಾಲ್ಮಾರ್ ಫೋನಿನಲ್ಲಿ ಪುರಸಭೆಯ ಪ್ರಕಟಣೆ ಹುಡುಕಿ ಓದಿದ: ನಾಗರಿಕರ ದೂರಿನ ಮೇರೆಗೆ ಕಲ್ಲುಹಾಸಿನ ಬಿಸಿನೀರನ್ನೂ ನಿಲ್ಲಿಸಲಾಗಿದೆ; ಎಲ್ಲರಿಗೂ ಒಂದೇ ನಿಯಮ.

"ಗೆದ್ವಿ ನೋಡು" ಎಂದ.

ಮೇಲೆ ಕಿಟಕಿಯೊಂದು ತೆರೆಯಿತು. ಕೋಣೆ ತೀರ ಬಿಸಿಯಾದರೆ ಬಿಸಿನೀರಿನ ನಲ್ಲಿ ತಿರುಗಿಸಿ ಕಡಿಮೆ ಮಾಡುವ ಬದಲು ಕಿಟಕಿ ತೆರೆಯುವುದು ಆ ಊರಿನವರೆಲ್ಲರ ರೂಢಿ. ಬಾರ್ದುರ್ ಅಂಗಿಯ ತೋಳು ಮಡಿಚಿಕೊಂಡು, ಬೆವರಿದ ಕುತ್ತಿಗೆಯನ್ನು ಹೊರಗೆ ಚಾಚಿ ಅವರನ್ನು ಕಂಡ.

"ಹುಷಾರು ಹೆರ್ದಿಸ್, ಅಲ್ಲಿ ಜಾರುತ್ತೆ."

ಹೆರ್ದಿಸ್ ತಲೆಯೆತ್ತಿ ನೋಡಿದಳು. ಅವನ ತಲೆಯ ಮೇಲಿಂದ ಕೋಣೆಯ ಬಿಸಿಗಾಳಿ ಬಿಳಿ ಹಬೆಯಾಗಿ ಹೊರಬಂದು, ಯಾರ ಮೈಗೂ ತಾಗದೆ, ಆಕಾಶಕ್ಕೆ ಹೋಗುತ್ತಿತ್ತು.