ಬ್ಯಾಟರಿ ಇಳಿಯುವ ಕಾರಣ

“ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದ್ರೂ ಮಧ್ಯಾಹ್ನಕ್ಕೆ ಆಫ್ ಆಗ್ತದೆ ದತ್ತಣ್ಣ,” ಎಂದು ಶ್ರಾವ್ಯ ಕೊಪ್ಪದ ಮೊಬೈಲ್ ರಿಪೇರಿ ಅಂಗಡಿಯ ಕೌಂಟರಿನ ಮೇಲೆ ಫೋನನ್ನಿಟ್ಟಳು. ಕವರಿನ ಮೇಲಿದ್ದ ನವಿಲು ನೋಡಿಯೇ ದತ್ತಮೂರ್ತಿಗೆ ಗುರುತು ಸಿಕ್ಕಿತು. ಕಳೆದ ತಿಂಗಳು ಅವಳ ಗಂಡ ಶಶಿಕಿರಣ ಇದೇ ಫೋನ್ ತಂದು, “ಇವಳು ಎಲ್ಲೆಲ್ಲಿ ಹೋಗ್ತಾಳೆ ಅಂತ ನನ್ನ ಮೊಬೈಲಲ್ಲಿ ಕಾಣೋ ಹಾಗೆ ಮಾಡಿಕೊಡು ಮಾರಾಯ. ಅವಳಿಗೆ ಗೊತ್ತಾಗೋದು ಬೇಡ,” ಎಂದಿದ್ದ. ಗೆಳೆಯನ ಮನೆ ವಿಷಯ, ತನಗೇನು ಎಂದುಕೊಂಡು ದತ್ತಮೂರ್ತಿ ಅದರೊಳಗೆ ಒಂದು ಕಳ್ಳ ಆ್ಯಪ್ ಹಾಕಿಕೊಟ್ಟಿದ್ದ.

ಈಗ ಸೆಟ್ಟಿಂಗ್ಸ್ ತೆರೆದರೆ ಬ್ಯಾಟರಿ ತಿನ್ನುವ ಆ್ಯಪ್‌ಗಳಲ್ಲಿ ಅದೇ ಎಲ್ಲಕ್ಕಿಂತ ಮೇಲೆ ಕೂತಿತ್ತು, ಕ್ಯಾಲ್ಕುಲೇಟರಿನ ವೇಷ ಹಾಕಿಕೊಂಡು. ಒತ್ತಿ ಅಳಿಸಿದರೆ ಮುಗಿಯಿತು. ಅವನ ಬೆರಳು ಅಲ್ಲಿಯವರೆಗೆ ಹೋಗಿ ಹಿಂದೆ ಬಂತು. ಬಟ್ಟೆ ತೆಗೆದು ಸ್ಕ್ರೀನ್ ಒರೆಸತೊಡಗಿದ.

“ನಿಮ್ಮ ಕಮ್ಮರಡಿ ಕಡೆ ಸಿಗ್ನಲ್ ಎಲ್ಲಿದೆ? ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿ ಆಗ್ತದೆ. ಒಂದು ಪವರ್ ಬ್ಯಾಂಕ್ ಇಟ್ಕೊಳ್ಳಿ.” ಈ ಸೀಮೆಯಲ್ಲಿ ಆ ಮಾತನ್ನು ಅನುಮಾನಿಸುವವರಿಲ್ಲ. ಶ್ರಾವ್ಯಳೂ ತಲೆಯಾಡಿಸಿದಳು.

ಅಷ್ಟರಲ್ಲಿ ಫೋನ್ ರಿಂಗಾಯಿತು. ಅವಳು ಎತ್ತಿಕೊಂಡು ಕಿವಿಗಿಟ್ಟಾಗ ಗಂಡನ ದನಿ ಕೌಂಟರಿನ ಈಚೆಗೂ ಕೇಳಿಸಿತು: “ದತ್ತನ ಅಂಗಡೀಲಿ ಎಂತ ಕೆಲಸ ನಿಂಗೆ?”

ಅವಳ ಮುಖ ಬಿಳಿಚಿಕೊಂಡಿತು. ಏನೋ ಹೇಳಿ ಫೋನ್ ಇಟ್ಟಳು. “ಕೊಪ್ಪಕ್ಕೆ ಬರೋದು ನಾನು ಯಾರಿಗೂ ಹೇಳಿರ್ಲಿಲ್ಲ. ನೀವು ಹೇಳಿದ್ರಾ ಅಣ್ಣ?”

“ದೇವರಾಣೆ ಇಲ್ಲ,” ಎಂದ ದತ್ತಮೂರ್ತಿ. ಅವಳ ಫೋನಿಗೆ ಪವರ್ ಬ್ಯಾಂಕಿನ ಕೇಬಲನ್ನು ತಾನೇ ಸಿಕ್ಕಿಸಿಕೊಟ್ಟ. “ತಗೊಳ್ಳಿ. ಇನ್ನು ದಾರೀಲಿ ಎಲ್ಲೂ ಆಫ್ ಆಗೋದಿಲ್ಲ.”